ಬಂದವರ ಕೊಡ

ಆ ಓಣಿಗೆ ನೀರು ಬರುತ್ತಿದ್ದದ್ದು ಹಕ್ಕಿ ಏಳುವ ಮೊದಲು. ಬರುತ್ತಿತ್ತು ಅನ್ನುವುದೂ ಪೂರ್ತಿ ನಿಜವಲ್ಲ, ಕರೆದರೆ ಬರುತ್ತಿತ್ತು. ಮೇಲಿನ ಬಡಾವಣೆಯ ತೊಟ್ಟಿಗಳು ತುಂಬಬೇಕು, ಆಮೇಲೆ ಅಂಗಡಿ ಬೀದಿಯ ತೊಟ್ಟಿಗಳು. ಎಲ್ಲರೂ ಉಂಡೆದ್ದ ಮೇಲೆ ಪಾತ್ರೆಯ ತಳ ಕೆರೆದಂತೆ ಮಿಕ್ಕದ್ದು ಓಣಿಗೆ. ಅಷ್ಟು ಹೊತ್ತಿಗೆ ಆ ನೀರಿಗೆ ಗೋಡೆ ಹತ್ತಿ ನಲ್ಲಿಯ ಬಾಯಿಗೆ ಬರುವ ತ್ರಾಣ ಇರುತ್ತಿರಲಿಲ್ಲ. ಅದಕ್ಕೇ ಓಣಿಯವರು ಎಂದೋ ಚರಂಡಿಯ ಪಕ್ಕ ಮೊಳಕಾಲಾಳದ ಒಂದು ಗುಂಡಿ ತೋಡಿ, ನೆಲದೊಳಗಿನ ಪೈಪಿಗೆ ರಬ್ಬರ್ ಕೊಳವೆ ಸಿಕ್ಕಿಸಿದ್ದರು. ಪೈಪಿನ ತುಂಬ ಗಾಳಿ. ಯಾರಾದರೊಬ್ಬರು ಗುಂಡಿಗಿಳಿದು, ಕೊಳವೆಗೆ ಬಾಯಿ ಹಚ್ಚಿ, ಎದೆಯಲ್ಲಿದ್ದಷ್ಟೂ ಉಸಿರು ಹಾಕಿ ಎಳೆಯಬೇಕು. ಮೊದಲು ಗಾಳಿ, ಆಮೇಲೆ ಕೊಳೆ ವಾಸನೆಯ ಒಂದು ಗುಟುಕು, ಅದನ್ನು ಉಗಿದರೆ ಬೆನ್ನಿಗೇ ನೀರು.

ಎಳೆಯುವುದರಲ್ಲಿ ದೊಡ್ಡಮ್ಮನ ಸೊಸೆಯನ್ನು ಮೀರಿಸುವವರು ಇರಲಿಲ್ಲ. ಬೇರೆಯವರು ನಾಲ್ಕು ಸಲ ಎಳೆದು, ಕೆಮ್ಮಿ, ಕಣ್ಣಲ್ಲಿ ನೀರು ತಂದುಕೊಂಡರೂ ಪೈಪಿನಲ್ಲಿ ನೀರು ಕಾಣದು. ಅವಳು ಒಂದೇ ಉಸಿರಿಗೆ ತಂದುಬಿಡುವಳು. ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ದಿನವಿಡೀ ಗುಂಡಿ ಹಚ್ಚುವ ಹೆಂಗಸಿಗೆ ಇಷ್ಟು ಉಸಿರು ಎಲ್ಲಿಂದ ಬಂತು ಎಂದು ಎಲ್ಲರಿಗೂ ಸೋಜಿಗ. ಸೈಕಲ್ ರಿಪೇರಿಯವನನ್ನು ಓಣಿಯಲ್ಲಿ ಪಂಕ್ಚರಣ್ಣ ಅನ್ನುತ್ತಿದ್ದರು. ಅವನು ಕೊಡ ಹಿಡಿದು ಸಾಲಿನಲ್ಲಿ ನಿಂತು, ನನ್ನ ಪಂಪಿಗಿಂತ ನಿನ್ನ ಎದೆ ವಾಸಿ ಕಣಮ್ಮ, ಅಂಗಡಿಗೆ ಬಾ, ಟೈರಿಗೆ ಗಾಳಿ ತುಂಬು ಅನ್ನುವನು. ಅವಳು ಬಾಯಿ ಒರೆಸಿಕೊಳ್ಳುತ್ತ, ನಾನು ಎಳೆಯೋಳು ಅಣ್ಣ, ಊದೋದೆಲ್ಲ ನಿಮ್ಮ ಕೆಲಸ ಅನ್ನುವಳು. ಕತ್ತಲಿನ್ನೂ ಕರಗದ ಆ ಹೊತ್ತಿನಲ್ಲಿ ಓಣಿ ಒಮ್ಮೆ ನಗುತ್ತಿತ್ತು.

ಅವಳು ಬಸುರಿ ಎಂದು ಗೊತ್ತಾದ ದಿನವೇ ದೊಡ್ಡಮ್ಮ ಒಂದು ಕಟ್ಟು ಮಾಡಿದಳು. ಹಿಂದೊಮ್ಮೆ ತುಂಬಿದ ಕೊಡ ಹೊತ್ತು ಬಂದ ದಿನವೇ ಗರ್ಭ ಇಳಿದುಹೋಗಿತ್ತು. ಆ ನೋವು ಮನೆಯಲ್ಲಿ ಇನ್ನೂ ಆರಿರಲಿಲ್ಲ.

"ಭಾರ ಮುಟ್ಟಬೇಡ. ಕೊಡ ನಾನು ಹೊರ್ತೀನಿ. ನೀನು ಪೈಪು ಎಳೆದುಕೊಟ್ಟು ಮನೆಗೆ ಬಾ, ಅಷ್ಟು ಸಾಕು."

ಇಂಥ ಅತ್ತೆ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದು ಓಣಿಯ ಹೆಂಗಸರು ಆಡಿಕೊಂಡರು. ಅದು ಸುಳ್ಳೂ ಆಗಿರಲಿಲ್ಲ.

ದೊಡ್ಡಮ್ಮ ಯಾರಿಗೂ ದೊಡ್ಡಮ್ಮನಲ್ಲ, ಎಲ್ಲರಿಗೂ ದೊಡ್ಡಮ್ಮ. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಮಗ ಮೇಲಿನ ಬಡಾವಣೆಯ ದೊಡ್ಡ ಕಟ್ಟಡಗಳಲ್ಲಿ ಲಿಫ್ಟ್ ರಿಪೇರಿ ಮಾಡುತ್ತಿದ್ದ, ಮಾತು ಕಡಿಮೆ. ಓಣಿಯ ಕಟ್ಟಕಡೆಯ ಮನೆ ಅವರದು. ಅದರಾಚೆ ಚರಂಡಿ ತಿರುಗುವ ಗೋಡೆ. ಎರಡು ಕೋಣೆಯ ಆ ಮನೆಯಲ್ಲಿ ನೀರಿಗೆ ಮೂರು ಕೊಡಗಳಿದ್ದವು. ಮುಸುರೆ, ಬಟ್ಟೆ, ಮೈಕೈಗೆ ಒಂದು. ಮನೆಯವರು ಕುಡಿಯುವುದಕ್ಕೆ ಒಂದು, ಸೊಸೆ ಬಸುರಿಯಾದ ಮೇಲಂತೂ ಅದರ ನೀರು ಕುದಿಯದೆ ಕೊಡ ಸೇರುತ್ತಿರಲಿಲ್ಲ. ಮೂರನೆಯದು ದೇವರ ಗೂಡಿನ ಪಕ್ಕದ ತಾಮ್ರದ ಕೊಡ. ಬೂದಿ ಹಾಕಿ ತಿಕ್ಕಿ ತಿಕ್ಕಿ ಅದರ ಕಂಠದ ಕೆತ್ತನೆ ಸವೆದುಹೋಗಿತ್ತು. ಅದಕ್ಕೆ ಬಂದವರ ಕೊಡ ಎಂದೇ ಹೆಸರು. ಮನೆಗೆ ಯಾರು ಬಂದರೂ ಕುಡಿಯಲು ಕೊಡುವುದು ಅದರಿಂದ. ಆ ನೀರನ್ನು ದೊಡ್ಡಮ್ಮ ನಾಲ್ಕು ಮಡಿಕೆಯ ಬಟ್ಟೆಯಲ್ಲಿ ಸೋಸಿ, ಕುದಿಸಿ, ಆರಿಸಿ, ಮತ್ತೊಮ್ಮೆ ಸೋಸಿ ತುಂಬುವಳು. ಸೋಸುವಾಗ ಅವಳ ತುಟಿಯಲ್ಲಿ ಎರಡು ಸಾಲು ಸದಾ ಇರುತ್ತಿದ್ದವು. ಪದ್ಯಗಳನ್ನು ಬಾಯಿಪಾಠ ಹೇಳುತ್ತಿದ್ದ ಅವಳ ಅಪ್ಪ ಕಟ್ಟಿಕೊಟ್ಟದ್ದಂತೆ:

ಹರಿದು ಬಾ ತಾಯಿ, ತಗ್ಗನರಸುತ್ತ ಬಾ ತಾಯಿ,
ಬರಿದಾದ ಕೊಡದ ಕಡೆಮನೆಗು ಬಾ ತಾಯಿ.

ಅಪ್ಪ ಹೇಳುತ್ತಿದ್ದನಂತೆ, ನೀರು ತಗ್ಗು ಹುಡುಕಿಕೊಂಡು ಹೋಗುವಂಥದ್ದು, ಅದಕ್ಕೆ ಮೇಲು ಕೀಳು ತಿಳಿಯದು, ಅದೇ ಅದರ ದೊಡ್ಡತನ ಎಂದು. ದೊಡ್ಡಮ್ಮ ಅದನ್ನು ನಂಬಿದ್ದಳು. ಓಣಿ ಊರಿಗೆಲ್ಲ ತಗ್ಗು. ಆದರೂ ನೀರೇಕೆ ಕೊನೆಗೆ ಬರುತ್ತದೆ ಎಂದು ಅವಳು ಯಾರನ್ನೂ ಕೇಳಿರಲಿಲ್ಲ. ಕೊನೆಗಾದರೂ ಬರುತ್ತದಲ್ಲ.

ಕೊನೆಯ ಮನೆ ಎಂಬ ಕಾರಣಕ್ಕೇ ಆ ಮನೆಗೆ ಇನ್ನೊಂದು ಮರ್ಯಾದೆ ಬಂದಿತ್ತು. ಊರಿನ ನೀರು ಕುಡಿಯಲು ಯೋಗ್ಯವೋ ಅಲ್ಲವೋ ಎಂದು ನೋಡಲು ನೀರಿನ ಆಫೀಸಿನವರು ಪ್ರತಿ ಪೈಪಿನ ತುದಿಯಲ್ಲಿ ಒಂದು ಮನೆ ಗೊತ್ತುಮಾಡಿದ್ದರು. ತುದಿಯಲ್ಲಿ ಒಳ್ಳೆಯದಿದ್ದರೆ ನಡುವೆಯೂ ಒಳ್ಳೆಯದೇ ಇರಬೇಕು ಎಂಬ ಲೆಕ್ಕ. ಲೆಕ್ಕವೇನೋ ಸರಿಯಾಗಿಯೇ ಇತ್ತು. ಆಗಾಗ ಅಲ್ಲಿಂದ ಒಬ್ಬ ಹುಡುಗಿ ಬರುವಳು. ಭುಜಕ್ಕೆ ಐಸಿನ ಡಬ್ಬಿ, ಅದರೊಳಗೆ ಬಾಯಿಗೆ ಕಾಗದ ಸುತ್ತಿದ ಗಾಜಿನ ಸೀಸೆಗಳು. ಓಣಿಯವರು ಸೀಸೆ ಹುಡುಗಿ ಅನ್ನುತ್ತಿದ್ದರು. ಆಫೀಸಿನ ಗಾಡಿ ಹೊರಡುವುದೇ ಬಿಸಿಲೇರಿದ ಮೇಲೆ, ಮೇಲಿನಿಂದ ಒಂದೊಂದೇ ಮನೆ ಮುಗಿಸಿ ಇಲ್ಲಿಗೆ ಇಳಿಯುವ ಹೊತ್ತಿಗೆ ಮಧ್ಯಾಹ್ನ. ದೊಡ್ಡಮ್ಮನ ಮನೆಯ ನಲ್ಲಿ ತಿರುಗಿಸಿದರೆ ಒಂದು ಜೇಡ ಹೊರಗೆ ಬಂದು ಮತ್ತೆ ಒಳಗೆ ಹೋಗುತ್ತಿತ್ತು. ನಲ್ಲಿಯಲ್ಲಿ ನೀರಿಲ್ಲದಿದ್ದರೆ ಅದೇ ಮನೆಯಲ್ಲಿ ಹಿಡಿದಿಟ್ಟ ನೀರನ್ನು ತೆಗೆದುಕೊಳ್ಳಬಹುದು ಎಂದು ನಿಯಮವಿತ್ತು.

ಮೊದಲ ಸಲ ಬಂದಾಗ ಅವಳು ಸೀಸೆ ಚಾಚಿ, ಸ್ವಲ್ಪ ನೀರು ಕೊಡಿ ದೊಡ್ಡಮ್ಮ ಎಂದಿದ್ದಳು. ಮನೆಗೆ ಬಂದವರು ನೀರು ಕೇಳಿದರೆ ಯಾವ ಕೊಡದಿಂದ ಕೊಡಬೇಕು ಎಂದು ದೊಡ್ಡಮ್ಮ ಯೋಚಿಸಬೇಕಾಗಿರಲಿಲ್ಲ. ಕೈ ತಾನಾಗಿ ತಾಮ್ರದ ಕೊಡದತ್ತ ಹೋಯಿತು. ಸೀಸೆಗೊಂದಿಷ್ಟು, ಬಿಸಿಲಿನಿಂದ ಬಂದವಳಿಗೆ ಒಂದು ಲೋಟ. ಹುಡುಗಿ ಒಂದೇ ಉಸಿರಿಗೆ ಕುಡಿದು, ನಿಮ್ಮನೆ ನೀರು ಕುಡಿದರೆ ದಣಿವು ಹೋಗುತ್ತೆ ಎಂದು ಹೇಳಿ ಹೋದಳು. ಆಮೇಲೆ ಒಂದು ಕಾಗದ ಬಂತು. ಕುಡಿಯಲು ಯೋಗ್ಯ ಎಂದು ಅದರಲ್ಲಿತ್ತು. ದೊಡ್ಡಮ್ಮ ಅದನ್ನು ದೇವರ ಗೂಡಿನ ಪಕ್ಕ ಗೋಡೆಗೆ ಅಂಟಿಸಿದಳು. ಮಗ ನೋಡಿ, ಪರೀಕ್ಷೆ ನಾನು ಪಾಸು ಮಾಡಲಿಲ್ಲ, ಅಮ್ಮ ಮಾಡಿದಳು ಎಂದು ನಕ್ಕ. ಅವಳ ಮನಸ್ಸಿನಲ್ಲೂ ಅದು ಹಾಗೆಯೇ ಕೂತಿತ್ತು. ಆಫೀಸಿನವರು ಅವಳ ಮನೆಯ ಶುಚಿಯನ್ನು ನೋಡಲು ಬರುತ್ತಾರೆ, ಬಡವರ ಓಣಿಯಾದರೂ ಕೊಡ ತೊಳೆಯಲು ಬರುತ್ತದೆ ಎಂದು ಅವರಿಗೂ ತಿಳಿಯಲಿ. ಅಲ್ಲಿಂದ ಮುಂದೆ ಹುಡುಗಿ ಬರುವ ಸುಳಿವು ಸಿಕ್ಕರೆ ಕೊಡವನ್ನು ಎರಡು ಸಲ ತಿಕ್ಕುವಳು.

ಕಾಮಾಲೆ ಮೊದಲು ಕಾಣಿಸಿದ್ದು ಇಸ್ತ್ರಿ ಅಕ್ಕನ ಗಂಡನಿಗೆ. ಇಬ್ಬರೂ ಓಣಿಯ ನಡುವೆ ಬಟ್ಟೆಗೆ ಇಸ್ತ್ರಿ ಹಾಕುವವರು. ಕೆಂಡದ ಪೆಟ್ಟಿಗೆ ಎತ್ತಲಾಗದೆ ಅವನು ಮೂಲೆ ಹಿಡಿದ. ಬೆನ್ನಿಗೇ ಪಂಕ್ಚರಣ್ಣನ ತಾಯಿ, ಎದುರು ಮನೆಯ ಇಬ್ಬರು. ಬೀದಿ ಕೊನೆಯ ಚಿಕಿತ್ಸಾಲಯದ ಡಾಕ್ಟರು ಎಲ್ಲರಿಗೂ ಒಂದೇ ಮಾತು ಹೇಳಿದರು, ಇದು ನೀರಿನಿಂದ ಬರುವಂಥದ್ದು, ಚರಂಡಿ ಎಲ್ಲೋ ಪೈಪಿಗೆ ಸೇರುತ್ತಿದೆ, ಆಫೀಸಿಗೆ ಹೋಗಿ. ದೊಡ್ಡಮ್ಮನ ಸೊಸೆಯ ಹೊಟ್ಟೆ ನೋಡಿ, ನೀವಂತೂ ಹುಷಾರು ತಾಯಿ, ಬಸುರಿಯರಿಗೆ ಬಂದರೆ ಉಳಿಸುವುದು ಕಷ್ಟ ಎಂದರು. ಅವತ್ತಿನಿಂದ ದೊಡ್ಡಮ್ಮ ಕುಡಿಯುವ ಕೊಡವನ್ನು ಸೊಸೆಗೇ ಮೀಸಲು ಮಾಡಿ, ಅದರ ಮೇಲೆ ಮುಚ್ಚಳ ಇಟ್ಟು, ಮುಚ್ಚಳದ ಮೇಲೆ ಕಲ್ಲು ಇಟ್ಟಳು. ಕಾರ್ಖಾನೆಗೂ ಸೀಸೆಯಲ್ಲಿ ಅದೇ ನೀರು ಕಟ್ಟಿ ಕಳಿಸಿದಳು.

ಓಣಿಯವರು ಗುಂಪಾಗಿ ನೀರಿನ ಆಫೀಸಿಗೆ ಹೋದರು. ಇಂಜಿನಿಯರು ಕೆಟ್ಟ ಮನುಷ್ಯನೇನಲ್ಲ. ಎಲ್ಲರಿಗೂ ಕುರ್ಚಿ ಹಾಕಿಸಿ, ಅರ್ಧಕ್ಕೆ ತಡೆಯದೆ ಕೇಳಿಸಿಕೊಂಡರು. ಆಮೇಲೆ ಎದ್ದು ಗೋಡೆಯ ಮೇಲಿದ್ದ ಊರಿನ ನಕ್ಷೆ ತೋರಿಸಿದರು. ನಕ್ಷೆಯ ತುಂಬ ಬಣ್ಣದ ತಲೆಯ ಗುಂಡುಸೂಜಿಗಳು. ನೀರು ಕೆಟ್ಟ ಕಡೆ ಕೆಂಪು, ಚೆನ್ನಾಗಿರುವ ಕಡೆ ಹಸಿರು. ಹೊಸ ಪೈಪು ಈ ವರ್ಷ ಒಂದೇ ಭಾಗಕ್ಕೆ ಸಾಲುವಷ್ಟಿದೆ, ಕೆಂಪು ಇರುವ ಕಡೆಗೆ ಮೊದಲು ಹೋಗಬೇಕು, ಅದು ನ್ಯಾಯ ತಾನೇ ಎಂದು ಕೇಳಿದರು. ಎಲ್ಲರೂ ತಲೆಯಾಡಿಸಿದರು. ಕೆಂಪು ಇದ್ದದ್ದು ಮೇಲಿನ ಬಡಾವಣೆಯಲ್ಲಿ.

"ನಿಮ್ಮ ಕಷ್ಟ ನನಗೆ ಅರ್ಥವಾಗುತ್ತೆ," ಎಂದರು ಇಂಜಿನಿಯರು. "ಆದ್ರೆ ನೋಡಿ, ನಿಮ್ಮ ಓಣಿ ಹಸಿರು. ಒಂದು ಸಲಾನೂ ತಪ್ಪಿಲ್ಲ. ಊರಲ್ಲೇ ಇಷ್ಟು ಒಳ್ಳೆ ಫಲಿತಾಂಶ ಇನ್ನೊಂದು ಕಡೆ ಇಲ್ಲ."

ದೊಡ್ಡಮ್ಮ ಹತ್ತಿರ ಹೋಗಿ ನೋಡಿದಳು. ಅವಳಿಗೆ ನಕ್ಷೆ ಓದಲು ಬರುತ್ತಿರಲಿಲ್ಲ. ಆದರೆ ಚರಂಡಿ ತಿರುಗುವ ಜಾಗ ಗೊತ್ತಾಯಿತು. ಆ ತಿರುವಿನ ಪಕ್ಕ, ಗೆರೆಯ ತುದಿಯಲ್ಲಿ, ಸಾಸಿವೆಯಷ್ಟು ದೊಡ್ಡ ಹಸಿರು ತಲೆ. ಅದು ಅವಳ ಮನೆ. ಅಲ್ಲ, ಅದು ಮನೆಯೂ ಅಲ್ಲ. ದೇವರ ಗೂಡಿನ ಪಕ್ಕ ಕೂತಿರುವ ತಾಮ್ರದ ಕೊಡ. ಅವಳು ಅಲ್ಲೇ ನಿಂತಳು, ಬಾಯಿ ಬಿಡಲಿಲ್ಲ.

ಬಿಟ್ಟದ್ದು ಮನೆಗೆ ಬರುವ ದಾರಿಯಲ್ಲಿ. ಹುಡುಗಿಗೆ ತಾನು ಕೊಡುತ್ತಿದ್ದದ್ದು ಯಾವ ನೀರು ಎಂದು ನಡೆಯುತ್ತಲೇ ಹೇಳಿದಳು, ಯಾರ ಮುಖವನ್ನೂ ನೋಡದೆ. ಪಂಕ್ಚರಣ್ಣ ಅರ್ಥವಾಗುವ ಮೊದಲು ನಕ್ಕುಬಿಟ್ಟ. ಇಸ್ತ್ರಿ ಅಕ್ಕ ನಿಂತೇಬಿಟ್ಟಳು.

"ನಮ್ಮನೆಗೆ ಬಂದಿದ್ರೆ ಇರೋ ನೀರು ಕೊಡ್ತಿದ್ದೆ ದೊಡ್ಡಮ್ಮ, ಕಲಕೋ ಕೊಳಕೋ. ನಾಚಿಕೆ ಆಗ್ತಿತ್ತು, ಆದ್ರೂ ಕೊಡ್ತಿದ್ದೆ. ನಿನ್ನ ಮರ್ಯಾದೆ ಉಳೀತು, ನಮ್ಮ ಮನೆಯವರು ಹಾಸಿಗೆ ಹಿಡಿದ್ರು."

ಯಾರೂ ಅವಳನ್ನು ಗದರಲಿಲ್ಲ. ದೊಡ್ಡಮ್ಮ ಮನೆಗೆ ಬಂದು ಗೋಡೆಯ ಮೇಲಿನ ಕಾಗದವನ್ನು ಉಗುರಿನಿಂದ ಕೆರೆದು ತೆಗೆದಳು. ಸುಣ್ಣ ಕಿತ್ತು ಬಂದು ಅಲ್ಲಿ ಒಂದು ಚೌಕ ಉಳಿಯಿತು.

ಸೀಸೆ ಹುಡುಗಿ ಮುಂದಿನ ಸಲ ಬಂದಾಗ ದೊಡ್ಡಮ್ಮ ಅವಳಿಗೂ ಹೇಳಿದಳು. ಹುಡುಗಿ ಹೊಸ್ತಿಲ ಮೇಲೆ ಕೂತುಬಿಟ್ಟಳು.

"ಮೇಲೆ ನಲ್ಲಿ ಯಾವಾಗ ತಿರುಗಿಸಿದ್ರೂ ನೀರು ಬರುತ್ತೆ ದೊಡ್ಡಮ್ಮ. ಅಲ್ಲಿ ಒಂದು ಕಡೆ ಬಿರುಕು ಬಿಟ್ಟಿರೋದು ನಿಜ, ಅದು ತಕ್ಷಣ ಸೀಸೆಗೆ ಬಂತು. ಅಲ್ಲಿ ಪೈಪು ತನ್ನ ಮಾತು ತಾನೇ ಆಡುತ್ತೆ. ಇಲ್ಲಿ ಪೈಪಿನ ಪರವಾಗಿ ನೀವು ಮಾತಾಡ್ತಾ ಇದ್ರಿ."

ಇನ್ನೂ ಕಾಲ ಮಿಂಚಿಲ್ಲ, ಪೈಪು ಎಲ್ಲಿಗೆಂದು ಕೊನೆಯ ಮಾತು ಆಗುವ ಮೊದಲು ಇನ್ನೊಂದು ಸುತ್ತು ಪರೀಕ್ಷೆ ಇದೆ, ಅವತ್ತು ಬೆಳಿಗ್ಗೆ ಪೈಪಿನಿಂದ ಬಂದ ಮೊದಲ ನೀರನ್ನು ಏನೂ ಮಾಡದೆ ಹಾಗೆಯೇ ಇಟ್ಟಿರಿ ಎಂದು ಹುಡುಗಿ ಹೇಳಿಕೊಟ್ಟಳು. ಹೇಳುವಾಗ ಆಚೀಚೆ ನೋಡಿದಳು. ಹಾಗೆ ಹೇಳಿಕೊಡುವುದು ಅವಳ ಕೆಲಸಕ್ಕೆ ಸಲ್ಲುವಂಥದ್ದಲ್ಲ.

ಆ ದಿನ ಬೆಳಗಿನ ಜಾವ ಸೊಸೆ ಎಳೆದು ಉಗಿದ ಕೂಡಲೇ ಬಂದ ನೀರಿಗೆ ದೊಡ್ಡಮ್ಮ ತಾಮ್ರದ ಕೊಡ ಒಡ್ಡಿದಳು. ಕಂದು ಬಣ್ಣ, ಮೇಲೆ ಎಣ್ಣೆಯಂಥ ಪರೆ. ಒಡ್ಡುವ ಮೊದಲು ಕೊಡವನ್ನು ತಿಕ್ಕಿ ತೊಳೆದಿದ್ದಳು, ಅದು ಅವಳ ಕೈಯ ರೂಢಿ. ಮಧ್ಯಾಹ್ನ ಹುಡುಗಿ ಸೀಸೆ ಹಿಡಿದಾಗ ದೊಡ್ಡಮ್ಮ ಬಗ್ಗಿಸಿದ ನೀರು ಸೀಸೆಯ ಹೊರಗೂ ಚೆಲ್ಲಿತು. ಬಂದವರಿಗೆ ಇಂಥದನ್ನು ಅವಳು ಹುಟ್ಟಿದಾಗಿನಿಂದ ಬಗ್ಗಿಸಿರಲಿಲ್ಲ. ತಪ್ಪಾಯ್ತು ತಾಯಿ ಎಂದು ಬಾಯಲ್ಲಿ ಬಂತು, ಅದು ಹುಡುಗಿಗೋ ನೀರಿಗೋ ಅವಳಿಗೇ ತಿಳಿಯಲಿಲ್ಲ. ಆಮೇಲೆ ಸೊಸೆಯ ಕೊಡದ ಮೇಲಿನ ಕಲ್ಲು ಇಳಿಸಿ, ಹುಡುಗಿಗೆ ಕುಡಿಯಲು ಅದರಿಂದ ಒಂದು ಲೋಟ ಕೊಟ್ಟಳು.

ಸೂಜಿ ಕೆಂಪಾಗುತ್ತದೆ ಎಂದು ಓಣಿ ಕಾಯಿತು. ಬಂದದ್ದು ಆರೋಗ್ಯದ ಕಡೆಯ ಒಬ್ಬ ಹೆಂಗಸು, ಕಂಕುಳಲ್ಲಿ ಸುರುಳಿ ಸುತ್ತಿದ ಚಿತ್ರಗಳು. ದೊಡ್ಡಮ್ಮನ ಮನೆಯ ಮುಂದೆ ಎಲ್ಲರನ್ನೂ ಕೂರಿಸಿ, ಕೈ ಹೇಗೆ ತೊಳೆಯಬೇಕು, ಕೊಡವನ್ನು ಹೇಗೆ ತಿಕ್ಕಬೇಕು, ನೀರಿಗೆ ಏಕೆ ಮುಚ್ಚಳ ಹಾಕಬೇಕು ಎಂದು ಬಿಡಿಸಿ ಹೇಳಿದಳು. ಈ ಮನೆಯಲ್ಲಿ ಹಿಡಿದಿಟ್ಟ ನೀರು ಕೆಟ್ಟಿದೆ ಎಂದು ಗೊತ್ತಾಗಿದೆ, ಹಿಡಿದಿಟ್ಟ ನೀರು ಕೆಟ್ಟರೆ ಅದು ಮನೆಯ ಶುಚಿಯ ಪ್ರಶ್ನೆ, ಪೈಪಿನ ಪ್ರಶ್ನೆಯಲ್ಲ, ನಿಯಮ ಹಾಗಿದೆ. ಬಹಳ ಮೃದುವಾಗಿ ಹೇಳಿದಳು. ಚಿತ್ರದಲ್ಲಿ ಒಬ್ಬ ಹೆಂಗಸು ನಗುತ್ತ ಕೊಡ ತೊಳೆಯುತ್ತಿದ್ದಳು. ದೊಡ್ಡಮ್ಮ ಆ ಚಿತ್ರವನ್ನೇ ನೋಡುತ್ತ ಕೂತಿದ್ದಳು. ಎಷ್ಟು ಹಗುರಾಗಿ ತಿಕ್ಕುತ್ತಿದ್ದಾಳೆ, ಹಾಗೆ ತಿಕ್ಕಿದರೆ ತಳದ ಕಿಲುಬು ಹೋಗುವುದಿಲ್ಲ.

ಪಂಕ್ಚರಣ್ಣ ಎದ್ದು ನಿಂತು ಕೇಳಿದ. "ಇದೇ ಕೊಡದ ನೀರು ಇಷ್ಟು ದಿನ ಚೆನ್ನಾಗಿತ್ತಲ್ಲ ತಾಯಿ, ಆವಾಗ ಅದು ಯಾರ ನೀರು?"

ಆವಾಗ ಅದು ಸರಬರಾಜಿನ ನೀರು ಎಂದಳು ಹೆಂಗಸು. ಹೇಳಿದ ಮೇಲೆ ಅವಳಿಗೇ ಏನೋ ಅನ್ನಿಸಿ ಚಿತ್ರ ಸುತ್ತತೊಡಗಿದಳು.

"ಸರಿ ಹಾಗಾದ್ರೆ. ಒಳ್ಳೇದಾದ್ರೆ ನಿಮ್ಮ ಪೈಪು, ಕೆಟ್ರೆ ನಮ್ಮ ಕೊಡ."

ಆ ಮಾತು ಓಣಿಯಲ್ಲಿ ಗಾದೆಯಾಗಿ ಉಳಿಯಿತು. ಆಮೇಲೆ ಮಗ ಕೆಲಸದಿಂದ ಬಂದವನು, ಮೇಲೆ ರಸ್ತೆ ಅಗೆದಿದ್ದಾರೆ, ನೀಲಿ ಪೈಪು ತಂದು ಸುರಿದಿದ್ದಾರೆ ಎಂದಷ್ಟೇ ಹೇಳಿ ಊಟಕ್ಕೆ ಕೂತ. ಅದರೊಂದಿಗೆ ಪೈಪಿನ ಮಾತು ಮುಗಿಯಿತು.

ಸೊಸೆಗೆ ಊಟ ಸೇರದಾದದ್ದು ಅದೇ ಸುಮಾರಿನಲ್ಲಿ. ಬಸುರಿಯ ಸಂಕಟ ಎಂದುಕೊಂಡರು. ಒಂದು ಬೆಳಗಿನ ಜಾವ ಗುಂಡಿಯಲ್ಲಿ ಕೂತು ಎಳೆದಳು, ಉಸಿರು ಸಾಲಲಿಲ್ಲ. ಮತ್ತೆ ಎಳೆದಳು. ಏನು ತಾಯಿ, ಟ್ಯೂಬು ಪಂಕ್ಚರಾ ಎಂದ ಪಂಕ್ಚರಣ್ಣ. ಇಸ್ತ್ರಿ ಅಕ್ಕ ಲಾಟೀನು ತಗ್ಗಿಸಿ ಸೊಸೆಯ ಮುಖ ನೋಡಿದಳು. ಗಂಡನ ಕಣ್ಣಲ್ಲಿ ಅಷ್ಟು ದಿನ ಕಂಡ ಬಣ್ಣ ಅವಳಿಗೆ ಗೊತ್ತಾಗದೆ ಹೋಗುವುದಿಲ್ಲ. ಲಾಟೀನು ಕೆಳಗಿಟ್ಟು, ತಾನೇ ಅವಳ ಕೈ ಹಿಡಿದು ಗುಂಡಿಯಿಂದ ಎಬ್ಬಿಸಿದಳು.

ಆಸ್ಪತ್ರೆಯ ಉದ್ದನೆಯ ಹಜಾರದಲ್ಲಿ ಹಾಸಿಗೆ ಸಿಕ್ಕಿತು. ಸೊಸೆಗೆ ಒಮ್ಮೊಮ್ಮೆ ಎಚ್ಚರ, ಒಮ್ಮೊಮ್ಮೆ ಮಂಪರು. ಎಚ್ಚರವಿದ್ದಾಗ, ನಾಳೆ ಪೈಪು ಯಾರು ಎಳೀತಾರೆ ಅತ್ತೆ ಎಂದು ಕೇಳಿದಳು. ಆಮೇಲೆ ಯಾವುದೋ ಅಂಗಿಗೆ ಗುಂಡಿ ಹಚ್ಚುವಂತೆ ಬೆರಳುಗಳು ಹೊದಿಕೆಯ ಮೇಲೆ ಆಡುತ್ತಿದ್ದವು. ಹೆರಿಗೆಯ ಡಾಕ್ಟರಮ್ಮ ದೊಡ್ಡಮ್ಮನನ್ನು ಪಕ್ಕಕ್ಕೆ ಕರೆದು, ಕುಡಿಯೋ ನೀರು ಕುದಿಸ್ತಿದ್ರಾ ಎಂದು ಕೇಳಿದರು.

"ಕುದಿಸ್ತಿದ್ದೆ. ಅವಳ ಕೊಡವೇ ಬೇರೆ. ಮೇಲೆ ಕಲ್ಲು ಇಟ್ಟಿದ್ದೆ."

ಹಾಗಾದರೆ ಹೊರಗೆಲ್ಲಾದರೂ ಕುಡಿದಳಾ, ಕಾರ್ಖಾನೆಯಲ್ಲಿ, ಬೀದಿಯಲ್ಲಿ, ಕುದಿಸದ ನೀರು ಒಂದು ಗುಟುಕಾದರೂ ಬಾಯಿಗೆ ಹೋಯಿತಾ ಎಂದರು ಡಾಕ್ಟರಮ್ಮ. ದೊಡ್ಡಮ್ಮ ಇಲ್ಲ ಅನ್ನಲು ಬಾಯಿ ತೆರೆದಳು. ಒಂದು ಗುಟುಕು. ದಿನಾ ಒಂದು ಗುಟುಕು, ಓಣಿಯ ಎಲ್ಲರಿಗಿಂತ ಮೊದಲ ಗುಟುಕು, ಚರಂಡಿಯ ಪಕ್ಕದ ಗುಂಡಿಯಲ್ಲಿ. ಭಾರ ಮುಟ್ಟಬೇಡ, ಪೈಪು ಎಳೆದುಕೊಟ್ಟು ಬಾ, ಅಷ್ಟು ಸಾಕು.

ಅವಳು ಗೋಡೆ ಹಿಡಿದು ಕೂತಳು. ಡಾಕ್ಟರಮ್ಮ ನರ್ಸಿಗೆ ಕೂಗಿ ನೀರು ತರಿಸಿದರು. ದೊಡ್ಡಮ್ಮ ಲೋಟವನ್ನು ನೋಡಿದಳು, ಕುಡಿಯಲಿಲ್ಲ.

ಕೂಸು ದಿನ ತುಂಬುವ ಮೊದಲೇ ಹೊರಗೆ ಬಂತು, ಹೆಣ್ಣು, ಅಂಗೈಯಗಲ. ತಾಯಿ ಅದನ್ನು ನೋಡಲಿಲ್ಲ. ಕೂಸನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರು, ತಾಯಿಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಕೊಟ್ಟರು. ಲಿಫ್ಟಿನಲ್ಲಿ ಕೆಳಗೆ ತರುವಾಗ ಅದು ನಡುವೆ ಒಮ್ಮೆ ಜಗ್ಗಿ ನಿಂತಿತು. ಮಗ ಹಟ್ಟಿಯಲ್ಲಿ ಕೂಡಿಹಾಕಿದ ದನದಂತೆ ಬಾಗಿಲಿಗೆ ಹಣೆ ಹಚ್ಚಿ ನಿಂತಿದ್ದವನು, ರೂಢಿಯಂತೆ ಕೈಯೆತ್ತಿ ಯಾವುದೋ ಗುಂಡಿ ಒತ್ತಿ ಅದನ್ನು ಸರಿಮಾಡಿದ. ಲಿಫ್ಟು ಇಳಿಯಿತು.

ಮಣ್ಣು ಮಾಡಿ ಬಂದ ಮರುದಿನವೂ ಓಣಿಗೆ ನೀರು ಬೇಕಿತ್ತು. ಗುಂಡಿಯ ಸುತ್ತ ಎಲ್ಲರೂ ನಿಂತರು. ಕೊಳವೆ ಕೆಳಗೆ ಬಿದ್ದಿತ್ತು, ಯಾರೂ ಬಗ್ಗಲಿಲ್ಲ. ಆಗ ಪಂಕ್ಚರಣ್ಣ ಅಂಗಡಿಗೆ ಹೋಗಿ ತನ್ನ ಹಳೆಯ ಸೈಕಲ್ ಪಂಪು ತಂದ. ಅದರ ಒಳಗಿನ ಚರ್ಮದ ಬಿಲ್ಲೆಯನ್ನು ತಿರುವುಮುರುವಾಗಿ ಹಾಕಿ, ಕೊಳವೆಗೆ ಸಿಕ್ಕಿಸಿ, ಹಿಡಿ ಮೇಲೆತ್ತಿದ. ಊದುವ ಪಂಪು ಎಳೆಯತೊಡಗಿತು. ಎರಡು ಸಲ ಎತ್ತಿದ್ದೇ ತಡ, ನೀರು ಬಂತು. ಕಂದು, ಆಮೇಲೆ ತಿಳಿ.

ದೊಡ್ಡಮ್ಮ ಕೊಡ ಹಿಡಿದು ನೋಡುತ್ತಿದ್ದಳು.

"ಇಷ್ಟೇನಾ ಇದು," ಎಂದಳು. "ಇಷ್ಟು ಸುಲಭ ಇತ್ತಾ."

ಪಂಕ್ಚರಣ್ಣ ಪಂಪನ್ನು ಬಿಟ್ಟು ಅಲ್ಲೇ ಕುಕ್ಕರಿಸಿದ, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅವಳ ಸೊಸೆಯ ಎದೆಯ ಬಗ್ಗೆ ಅವನು ಎಷ್ಟು ಬೆಳಗು ತಮಾಷೆ ಮಾಡಿದ್ದ. ಪಂಪು ಅಷ್ಟು ದಿನವೂ ಅಂಗಡಿಯ ಮೊಳೆಯಲ್ಲೇ ನೇತಾಡುತ್ತಿತ್ತು.

ಕೂಸು ಮನೆಗೆ ಬಂದ ಮೇಲೆ ಒಂದು ಬೆಳಗಿನ ಜಾವ ಸೀಸೆ ಹುಡುಗಿ ಬಂದಳು. ಗಾಡಿಯಿಲ್ಲ, ಆ ಹೊತ್ತಿನಲ್ಲಿ ಬಸ್ಸೂ ಇಲ್ಲ. ಊರಿನ ಮೇಲಿನ ತುದಿಯಿಂದ ನಡೆದುಕೊಂಡೇ ಬಂದಿದ್ದಳು. ಮೈ ಬೆವತಿತ್ತು. ನನ್ನ ಹೊತ್ತಿನಲ್ಲಿ, ನನ್ನ ಇಷ್ಟದಿಂದ ಬಂದಿದ್ದೇನೆ, ಆಫೀಸಿಗೆ ಗೊತ್ತಿಲ್ಲ ಎಂದಳು. ಗುಂಡಿಗಿಳಿದು, ಕೊಳವೆ ತೆಗೆದು, ಪೈಪಿನ ಬಾಯಿಯನ್ನು ಬೆಂಕಿಕಡ್ಡಿಯಿಂದ ಸುಟ್ಟು ಶುದ್ಧಮಾಡಿ, ಪಂಕ್ಚರಣ್ಣನಿಂದ ಪಂಪು ಎತ್ತಿಸಿ, ಬಂದ ಮೊದಲ ನೀರನ್ನು ಸೀಸೆಯಲ್ಲಿ ಹಿಡಿದಳು. ಹಿಡಿದಿಟ್ಟದ್ದಲ್ಲ, ಪೈಪಿನದು ಎಂದು ಚೀಟಿಯ ಮೇಲೆ ಬರೆದಳು.

"ಇದನ್ನ ಒಪ್ತಾರಾ?" ಎಂದು ಇಸ್ತ್ರಿ ಅಕ್ಕ ಕೇಳಿದಳು.

ಗೊತ್ತಿಲ್ಲ ಎಂದಳು ಹುಡುಗಿ. ನಲ್ಲಿಯಿಂದ ಹಿಡಿದದ್ದಲ್ಲ, ಆಫೀಸಿನ ಹೊತ್ತೂ ಅಲ್ಲ, ಪಂಪು ಬೇರೆ. ಒಪ್ಪಿದರೂ ಮುಂದಿನ ವರ್ಷದ ಮಾತು. ಈ ವರ್ಷದ ಪೈಪು ಮೇಲೆ ಹೂತಾಯಿತು, ರಸ್ತೆಯನ್ನೂ ಮುಚ್ಚಿದರು. ಬರುವಾಗ ಅದರ ಮೇಲೇ ನಡೆದು ಬಂದೆ ಎಂದಳು.

ಆಮೇಲೆ ದೊಡ್ಡಮ್ಮನ ಮನೆಗೆ ಬಂದು ಹೊಸ್ತಿಲ ಮೇಲೆ ಕೂತಳು, ಎಂದಿನ ಜಾಗದಲ್ಲಿ. ಒಳಗೆ ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಕೂಸು ಬಟ್ಟೆಯ ಗಂಟಿನಂತೆ ಮೂಲೆಯಲ್ಲಿ ಮಲಗಿತ್ತು. ದೊಡ್ಡಮ್ಮ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ತಾಮ್ರದ ಕೊಡದ ಬಾಯಿಗೆ ಕಟ್ಟಿ, ಆರಿದ ನೀರನ್ನು ಸಣ್ಣಗೆ ಬಗ್ಗಿಸುತ್ತಿದ್ದಳು. ತುಟಿ ಅಲುಗಲಿಲ್ಲ. ಸೋಸಿ ಮುಗಿದ ಮೇಲೆ ಬಟ್ಟೆ ಬಿಚ್ಚಿ, ಅದರಲ್ಲಿ ನಿಂತದ್ದನ್ನು ಒಮ್ಮೆ ನೋಡಿ, ಮುಚ್ಚಳ ಹಾಕಿದಳು.

ಹುಡುಗಿ ಒಣಗಿದ ತುಟಿ ಸವರಿಕೊಂಡಳು. ಅಷ್ಟು ದೂರ ನಡೆದಿದ್ದಳು. ಅವಳ ಕಣ್ಣು ಅವಳಿಗೇ ತಿಳಿಯದೆ ಕೊಡದತ್ತ ಹೋಯಿತು.

ದೊಡ್ಡಮ್ಮ ಅದನ್ನು ಕಂಡಳು. ಮುಚ್ಚಳದ ಮೇಲೆ ಕೈ ಇಟ್ಟಳು, ತೆಗೆಯಲಿಲ್ಲ.

"ಇದು ಕೂಸಿಂದು, ಮಗಳೇ."

ಹುಡುಗಿ ತಲೆಯಾಡಿಸಿ ಎದ್ದು, ಡಬ್ಬಿ ಭುಜಕ್ಕೇರಿಸಿ, ಬಂದ ದಾರಿಯಲ್ಲೇ ಏರು ಹತ್ತಿದಳು. ಆ ಮನೆಗೆ ಬಂದವರೊಬ್ಬರು ನೀರು ಕುಡಿಯದೆ ಹೋದದ್ದು ಅದೇ ಮೊದಲು. ದೊಡ್ಡಮ್ಮ ಅವಳು ತಿರುವು ದಾಟುವ ತನಕ ನೋಡುತ್ತ ನಿಂತಿದ್ದು, ಆಮೇಲೆ ಒಳಗೆ ಬಂದು ಮುಚ್ಚಳದ ಮೇಲೆ ಕಲ್ಲು ಇಟ್ಟಳು.